ಒಳ್ಳೆಯದೆಂದು ಒಪ್ಪಿಸಿದವರು

ಗಡಿಯಾಚೆಯ ತೆಲುಗು ಸೀಮೆಯಲ್ಲಿ, ಕೌತಾಳಂ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಗುರುಬಸಮ್ಮ ಬಹಳ ವರ್ಷ ಪಾಠ ಹೇಳಿದರು. ಮೂರರಿಂದ ಐದನೆಯ ತರಗತಿಯವರೆಗಿನ ಮಕ್ಕಳನ್ನು ಹೆದ್ದಾರಿಯಾಚೆಯ ಹೈಸ್ಕೂಲಿಗೆ ಸೇರಿಸಬೇಕೆಂದು ಸರ್ಕಾರದ ಆದೇಶ ಬಂದಾಗ ಮೊದಲು ಹಿಗ್ಗಿದವರು ಅವರೇ. ಅಲ್ಲಿ ವಿಷಯಕ್ಕೊಬ್ಬ ಮೇಷ್ಟ್ರು, ಟಿವಿ, ಇಂಗ್ಲಿಷು. ಐದು ತರಗತಿಗಳನ್ನು ಎರಡು ಕೋಣೆಯಲ್ಲಿ ಕೂರಿಸಿ ಕೂಗಿ ಕೂಗಿ ಅವರ ಗಂಟಲು ಒಡೆದುಹೋಗಿತ್ತು. ಮನೆಮನೆಗೆ ಹೋಗಿ ತಾಯಂದಿರನ್ನು ಒಪ್ಪಿಸಿದರು.

ಕುರಿ ಸಾಕುವ ಮನೆಯ ಬಸವಕ್ಕ ಮಾತ್ರ ಅನುಮಾನಿಸಿದಳು. "ಟೀಚರಮ್ಮಾ, ನಾವು ಮೆಣಸಿನಕಾಯಿ ಬಿಡಿಸಾಕ ಗುಂಟೂರಿಗೆ ಹೋದಾಗ ಹುಡುಗ್ರು ನಮ್ಮತ್ತಿ ಹತ್ರ ಇರ್ತಾವು. ಈ ಸಾಲಿ ಮನಿ ಮಗ್ಗಲಾಗ ಐತಿ. ಆ ರೋಡು ಯಾರು ದಾಟಿಸ್ತಾರ?"

"ಏನಾರ ಏರ್ಪಾಟು ಮಾಡ್ತಾರ ಬಿಡು."

ಯಾರೂ ಮಾಡಲಿಲ್ಲ. ಆ ಚಳಿಗಾಲದಲ್ಲಿ ಬಸವಕ್ಕ, ರೋಡು ದಾಟಿ ಹೈಸ್ಕೂಲಿಗೆ ಹೋಗಬೇಕಿದ್ದ ಮಗಳು ಹಾರಿಕಾಳನ್ನೂ ಗುಂಟೂರಿಗೆ ಕರೆದೊಯ್ದಳು. ಅಕ್ಕನಿಲ್ಲದೆ ಒಂದನೆಯ ತರಗತಿಯ ತಮ್ಮ ಉಳಿಯಲೊಲ್ಲ, ಅವನೂ ಹೋದ. ಇನ್ನೂ ಹಲವು ಮನೆಗಳಲ್ಲಿ ಹೀಗೇ ಆಯಿತು. ಹೈಸ್ಕೂಲಿನ ತೆಲುಗು ಮೇಷ್ಟ್ರುಗಳಲ್ಲಿ ಕನ್ನಡ ಬಲ್ಲವರಿರಲಿಲ್ಲ. ಉಳಿದ ಮಕ್ಕಳು ಪಾಠ ತಿಳಿಯದೆ ಸುಮ್ಮನೆ ಕೂತರು. ಅದನ್ನು ಕಂಡ ಉಳ್ಳವರು ತಮ್ಮ ಚಿಕ್ಕ ಮಕ್ಕಳನ್ನು ಆದೋನಿಯ ಖಾಸಗಿ ಶಾಲೆಯ ಬಸ್ಸು ಹತ್ತಿಸಿದರು. ಮಕ್ಕಳು ಕಡಿಮೆಯಾದರೆಂದು ಹಳೆಯ ಶಾಲೆಯ ಒಂದು ಹುದ್ದೆ ಹೋಯಿತು. ಹುದ್ದೆ ಹೋಯಿತೆಂದು ಮತ್ತಷ್ಟು ಮಕ್ಕಳು ಬಿಟ್ಟರು.

ಆದೋನಿಯಲ್ಲಿ ನಡೆದ ಶಿಕ್ಷಣ ಇಲಾಖೆಯ ಸಭೆಯಲ್ಲಿ ಗುರುಬಸಮ್ಮ ಎದ್ದು ನಿಂತು ಇದನ್ನೆಲ್ಲ ಬಿಡಿಸಿ ಹೇಳಿದರು. "ಒಂದೊಂದಾಗಿ ನೋಡಿದ್ರ ಎಲ್ಲಾ ಒಳ್ಳೇದೇ ಐತ್ರಿ ಸರ್. ಆದ್ರ ಒಂದನ್ನ ಎಳದ್ರ ಇನ್ನೊಂದು ಬೀಳಾಕತ್ತೈತಿ."

ಅಧಿಕಾರಿ ಲಕ್ಷ್ಮಿಕಾಂತ್ ಗದರಲಿಲ್ಲ. ಪೂರ್ತಿ ಕೇಳಿ, ಕನ್ನಡಕ ತೆಗೆದಿಟ್ಟರು. "ನಿಜಮೇ ಅಮ್ಮಾ, ನೀವು ಹೇಳೋದು ಖರೇ ಐತಿ. ಆದ್ರ ರೋಡು ನಂದಲ್ಲ, ವಲಸೆ ನಂದಲ್ಲ, ಪೋಸ್ಟು ಮ್ಯಾಲಿನವರದು. ನನ್ನ ಕೈಯಾಗ ಇದ್ದದ್ದು ಸಾಲಿ ಕೂಡ್ಸೋದು ಒಂದೇ. ಅದು ಮುಗದೈತಿ."

ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಗುರುಬಸಮ್ಮ ಕೂತರು.

ಯುಗಾದಿಗೆ ಗುಂಟೂರಿನವರು ಮರಳಿದಾಗ ಅವರು ಬಸವಕ್ಕನ ಮನೆಗೆ ಹೋದರು. ಹಾರಿಕಾ ನೀರು ತಂದಿಟ್ಟಳು. ಮೆಣಸಿನಕಾಯಿಯ ಖಾರಕ್ಕೆ ಆಕೆಯ ಬೆರಳುಗಳ ಚರ್ಮ ಸುಲಿದಿತ್ತು.

"ಆಕಿನ್ನ ಸಾಲಿಗೆ ಕಳಿಸು ಬಸವಕ್ಕ."

"ಆವಾಗ ನೀವು ಹೇಳಿದ್ರಂತ ಹೂಂ ಅಂದ್ನಿ," ಎಂದಳು ಬಸವಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಏನಂತ ನಂಬ್ಲಿ?"

ಗುರುಬಸಮ್ಮ ಲೋಟ ಎತ್ತಿಕೊಂಡರು. ನೀರು ಕುಡಿದು ಎದ್ದರು.

ಜೂನಿನಲ್ಲಿ ಹಳ್ಳಿಯ ಕನ್ನಡ ಶಾಲೆ ಮುಚ್ಚಿತು. ಗುರುಬಸಮ್ಮನನ್ನು ದೇವನಕೊಂಡದ ತೆಲುಗು ಶಾಲೆಗೆ ಹಾಕಿದರು. ಹೋಗುತ್ತಾರೆ, ಪಾಠ ಹೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಹೊಸ ಯೋಜನೆಯ ಮಾತೆತ್ತಿದರೆ ಎದ್ದು ಹೊರಗೆ ಹೋಗಿಬಿಡುತ್ತಾರೆ.