ಎದೆಯ ಮೇಲಿನ ಬಕಲ್

ಕಾಕಾ ಗ್ಲೈಡರಿನಿಂದ ಇಳಿಯುವ ರೀತಿ ನನಗೆ ಎಂದೂ ಸರಿಬಂದಿರಲಿಲ್ಲ. ಖಾನಾಪುರದ ಆಚೆಯ ಬಯಲಿನಲ್ಲಿ ಅವರೂ ಅವರ ಗೆಳೆಯರೂ ಭಾನುವಾರ ಹಾರುತ್ತಿದ್ದರು. ಕಾಕಿ ತೀರಿಕೊಂಡ ಮೇಲೆ ಕಾಕಾ ಮನೆ ಬಿಟ್ಟು ಹೊರಡುತ್ತಿದ್ದುದು ಇದೊಂದಕ್ಕೇ. ಎಂಜಿನ್ ಇಲ್ಲದ ವಿಮಾನ. ಏನಾದರೂ ಆದರೆ ಜಿಗಿಯಲಿಕ್ಕೆಂದು ಬೆನ್ನಿಗೆ ಪ್ಯಾರಾಶೂಟ್ ಕಟ್ಟಿಕೊಂಡೇ ಕೂರಬೇಕು. ಕಾಕಾ ಕಟ್ಟಿಕೊಳ್ಳುತ್ತಿದ್ದರು. ಆದರೆ ನೆಲ ಮುಟ್ಟಿದ ಕೂಡಲೇ ಸೀಟಿನ ಬೆಲ್ಟ್ ಬಿಚ್ಚಿ, ಅದೇ ಉಸಿರಿಗೆ ಎದೆಯ ಮೇಲಿನ ಪ್ಯಾರಾಶೂಟಿನ ಬಕಲನ್ನೂ ಬಿಚ್ಚಿ, ಅದನ್ನು ಸೀಟಿನಲ್ಲೇ ಬಿಟ್ಟು ಹೊರಗೆ ಬರುತ್ತಿದ್ದರು.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು, ಬಿಡುವವಳಲ್ಲ. ವಾಪಸು ಬರುವಾಗ ಕಾರಿನಲ್ಲಿ, ಊರ ಅಂಚಿನ ಪೀರನವಾಡಿ ಮುಟ್ಟುವವರೆಗೂ ಅದೇ ವಾದ. ಗಾಬರಿಯಲ್ಲಿ ತಲೆ ಕೆಲಸ ಮಾಡುವುದಿಲ್ಲ, ಕೈ ಮಾಡುತ್ತದೆ. ನಿಮ್ಮ ಕೈಗೆ ಗೊತ್ತಿರುವುದು ಎರಡನ್ನೂ ಬಿಚ್ಚುವುದು. ಹಾಗಿದ್ದ ಮೇಲೆ ಬೆನ್ನಿಗೆ ತಲೆದಿಂಬು ಕಟ್ಟಿಕೊಂಡರೂ ಅಷ್ಟೇ ಅಲ್ಲವೇ? ನಿನ್ನನ್ನು ಮದುವೆಯಾಗುವವನಿಗೂ ಒಂದು ಪ್ಯಾರಾಶೂಟ್ ಕೊಡಿಸಬೇಕು ಎಂದು ಕಾಕಾ ನಗುತ್ತಿದ್ದರು.

ಒಂದು ಭಾನುವಾರ ಮೋಡ ಕವಿದಿತ್ತು. ಬಿಸಿಲು ಬಂದೀತು, ಗ್ಲೈಡರನ್ನು ಎತ್ತುವ ಬಿಸಿಗಾಳಿ ಎದ್ದೀತೆಂದು ಕಾಕಾ ಎಲ್ಲ ಕಟ್ಟಿಕೊಂಡು ಕಾಕ್‌ಪಿಟ್ಟಿನಲ್ಲಿ ಕಾಯುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ನಾನು ಇದ್ದಕ್ಕಿದ್ದಂತೆ, "ಕಾಕಾ, ರೆಕ್ಕಿ ಮುರೀತು, ಜಿಗೀರಿ" ಎಂದೆ.

ಎರಡು ಸಲ ಚಟ್ ಎಂದಿತು. ಕಾಕಾ ಹುಲ್ಲಿನ ಮೇಲೆ ನಿಂತಿದ್ದರು. ಪ್ಯಾರಾಶೂಟ್ ಸೀಟಿನಲ್ಲಿ ಕೂತಿತ್ತು.

"ಸತ್ತಿ ನೋಡಪಾ ನೀ," ಎಂದರು ಗೆಳೆಯರೊಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಈಗ ಅದನ್ನ ಹಾಕ್ಕೊಂಡು ಹೊರಗ ಬರ್ರಿ. ನಾಕ ಸಲ ಮಾಡಿದ್ರ ಕೈಗೆ ರೂಢಿ ಆಗತೈತಿ," ಎಂದೆ.

ಕಾಕಾ ನನ್ನ ಮುಖ ನೋಡಿದರು. ಒಲ್ಲೆ ಎನ್ನಲು ಎಲ್ಲರೆದುರು ಒಂದು ಕಾರಣ ಬೇಕಿತ್ತು. ಮತ್ತೆ ಕೂತು ಕಟ್ಟಿಕೊಂಡರು. ಸೀಟಿನ ಬೆಲ್ಟಷ್ಟೇ ಬಿಚ್ಚಿ, ಕಾಕ್‌ಪಿಟ್ಟಿನ ಎರಡೂ ಕಡೆಯ ಅಂಚು ಹಿಡಿದು ಏಳಲು ನೋಡಿದರು. ಅರ್ಧ ಎದ್ದು ಕುಸಿದರು. ಇನ್ನೊಮ್ಮೆ ನೋಡಿದರು. ಮೊಣಕಾಲು ಸಾಥ್ ಕೊಡಲಿಲ್ಲ.

"ಅದು ಬೆನ್ನ ಮ್ಯಾಲಿದ್ರ ನನಗ ಏಳಾಕ ಆಗೂದಿಲ್ಲವ್ವಾ," ಎಂದರು ಮೆಲ್ಲಗೆ. "ಭಾಳ ದಿನಾ ಆತು."

ನಾನು ಇಷ್ಟು ದಿನ ಕೈಯ ಬಗ್ಗೆ ವಾದಿಸಿದ್ದೆ. ಕಾಕಾ ಮುಚ್ಚಿಟ್ಟದ್ದು ಮೊಣಕಾಲನ್ನು. ಪ್ಯಾರಾಶೂಟ್ ಕಟ್ಟಿಕೊಂಡು ಎದ್ದು ಬರಲಾಗದವರು ಹಾರಬಾರದೆಂಬುದು ಅವರೆಲ್ಲ ಸೇರಿ ಮಾಡಿಕೊಂಡಿದ್ದ ನಿಯಮ. ಅದನ್ನು ಯಾರೂ ನೆನಪಿಸಬೇಕಾಗಲಿಲ್ಲ. 'ಸತ್ತಿ' ಎಂದು ನಗಿಸಿದ್ದ ಗೆಳೆಯರೇ ಬಂದು ಬಕಲ್ ಬಿಚ್ಚಿ, ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. "ಇನ್ನ ಮ್ಯಾಲ ಕೆಳಗ ಕುಂತು ನಮ್ಮನ್ನ ಬೈಕೋತ ಇರು," ಎಂದರು. ಕಾಕಾ ಆಗಲೆಂದು ತಲೆಯಾಡಿಸಿದರು.

ಮಧ್ಯಾಹ್ನ ಬಿಸಿಲು ಬಂತು. ನಾವಿಬ್ಬರೂ ಹಾರಾಟ ನೋಡಲು ನಿಲ್ಲದೆ ಮನೆಗೆ ಹೊರಟೆವು.

ನಾನು ಹೇಳಿದ್ದು ಸರಿಯೇ ಇತ್ತು. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಆ ದಿನ ಪೀರನವಾಡಿ ಯಾವಾಗ ದಾಟಿತೋ ತಿಳಿಯಲಿಲ್ಲ. ಅನಗೋಳದಲ್ಲಿ ಅವರ ಮನೆಯ ಮುಂದೆ ಕಾರು ನಿಲ್ಲಿಸಿದೆ. ಕಾಕಾ ಸೀಟ್ ಬೆಲ್ಟ್ ಬಿಚ್ಚಿದರು. ಅದೇ ಉಸಿರಿಗೆ ಕೈ ಎದೆಗೆ ಹೋಯಿತು, ಅಲ್ಲಿಲ್ಲದ ಬಕಲನ್ನು ಹುಡುಕಿ, ಅಂಗಿಯ ಗುಂಡಿಯ ಮೇಲೆ ನಿಂತಿತು.