ಗಿಟಾರಿನೊಳಗಿಂದ ಕೂಗಿದ ಅಕ್ಕ

ಕಳೆದ ಭಾನುವಾರ ಬೀಡಿನ ಹಂಚೊಂದು ಸಿಕ್ಕೀತೆಂದು ಹಳೇ ಸಾಮಾನು ಮಾರುವ ಜುನ್ಯಾ ಬಜಾರಿಗೆ ಹೋಗಿದ್ದೆ. ತಾಡಪತ್ರಿಯ ಮೇಲೆ ತುಕ್ಕು ಹಿಡಿದ ಪಕ್ಕಡು, ಒಡೆದ ಟಾರ್ಚು, ಯಾರದೋ ಕನ್ನಡಕದ ಚೌಕಟ್ಟುಗಳ ನಡುವೆ ಅದು ಬಿದ್ದಿತ್ತು. ಕಪ್ಪು ತಗಡಿನ ಉದ್ದನೆಯ ಪಟ್ಟಿ. ಮೇಲೆ ಸಾಲಾಗಿ ಕಾಲಿನಿಂದ ಒತ್ತುವ ಗುಂಡಿಗಳು, ಬಲಕ್ಕೆ ಹೊಲಿಗೆ ಯಂತ್ರದ್ದರಂಥ ತುಳಿಹಲಗೆ. “ಗಿಟಾರಚಂ ಆಹೆ, ಮಾವಶಿ,” ಎಂದ ಅಂಗಡಿಯವನು. ಗೊತ್ತಪ್ಪಾ, ಗಿಟಾರಿನದೆಂದು ಗೊತ್ತು… ಹಂಚು ಕೊಳ್ಳುವುದನ್ನೂ ಮರೆತು ಬಸ್ಸು ಹತ್ತಿದೆ.

ಆಗ ನಾವು ಬಿಬವೇವಾಡಿಯಲ್ಲಿ ಬಾಡಿಗೆಗಿದ್ದೆವು. ಎರಡು ಸಾವಿರದ ಇಸವಿ ದಾಟಿದ ಹೊಸತು. ಮರಾಠಿಯವರೇ ತುಂಬಿದ್ದ ಆ ಕಟ್ಟಡದಲ್ಲಿ ಎರಡೇ ಕನ್ನಡದ ಮನೆ. ಎರಡೂ ಮೊದಲ ಮಹಡಿಯಲ್ಲಿ, ನಡುವೆ ಒಂದೇ ಗೋಡೆ. ಮಗ್ಗಲಮನೆಯ ಅಕ್ಕ ಕಲಬುರಗಿ ಕಡೆಯವಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಮಕ್ಕಳಿರಲಿಲ್ಲ. ಗಂಡ ಭೋಸರಿಯ ಕಾರ್ಖಾನೆಗೆ ಹೋಗುತ್ತಿದ್ದ. ಸಂಜೆ ಆರ್ಕೆಸ್ಟ್ರಾದಲ್ಲಿ ಗಿಟಾರು. ಎಲ್ಲರೂ ಅವನನ್ನು ಮಾಸ್ತರ ಎನ್ನುತ್ತಿದ್ದರು. ಹೊರಗೆ ಭಾಳ ನಯದ ಮನುಷ್ಯ. ಎದುರಿಗೆ ಬಂದರೆ “ಊಟ ಆತ್ರೀ ವೈನಿ?” ಎಂದೇ ಮಾತು ಶುರು.

ಅವರ ಮನೆಯಲ್ಲಿ ಮೊದಲು ಅಲಮಾರಿಯಷ್ಟು ದೊಡ್ಡ ಆಂಪ್ಲಿಫೈಯರ್ ಇತ್ತು. ಅದನ್ನು ಹಚ್ಚಿದರೆ ನಮ್ಮ ಮಾಡದ ಮೇಲಿನ ಸ್ಟೀಲಿನ ತಾಟುಗಳು ನಡುಗುತ್ತಿದ್ದವು. ಕೆಲವು ದಿನ ರಾಗವೂ ಇಲ್ಲ, ತಾಳವೂ ಇಲ್ಲ, ಒಂದೇ ತಂತಿಯ ಬೊಬ್ಬೆ. ಅಂಥ ದಿನ ನಾನು ಒಂದು ಬಟ್ಟಲು ಪುಂಡಿಪಲ್ಯವೋ ಶೇಂಗಾಚಟ್ನಿಯೋ ಹಿಡಿದು ಹೋಗಿ ಬಾಗಿಲು ಬಡಿಯುತ್ತಿದ್ದೆ. ಬಾಗಿಲು ತೆರೆಯುವುದಕ್ಕೆ ಹೊತ್ತಾಗುತ್ತಿತ್ತು. ಅಕ್ಕನ ತುಟಿ ಬಾತಿರುತ್ತಿತ್ತು, ಇಲ್ಲವೇ ಮೊಣಕೈ ನೀಲಿಗಟ್ಟಿರುತ್ತಿತ್ತು.

“ಕುಕ್ಕರ್ ಬಡೀತು, ತಂಗಿ.”

“ನಿಮ್ಮನ್ಯಾಗ ಕುಕ್ಕರಿಗೆ ಭಾಳ ಸಿಟ್ಟ್ ಬರ್ತದಲ್ಲಕ್ಕಾ,” ಎಂದರೆ ತುಟಿಯನ್ನು ಬೆರಳಿನಿಂದ ಒತ್ತಿ ಹಿಡಿದು ನಗುತ್ತಿದ್ದಳು. ನಕ್ಕರೆ ಗಾಯ ಬಿರಿಯುತ್ತಿತ್ತು.

ಸದ್ದಿನ ಬಗ್ಗೆ ಸೊಸೈಟಿಯವರು ದೂರು ಕೊಟ್ಟರು. ಸದ್ದಿನ ಬಗ್ಗೆ ಮಾತ್ರ. ಮಾಸ್ತರ ಆ ದೊಡ್ಡ ಪೆಟ್ಟಿಗೆಯನ್ನು ಮಾರಿ ಎರಡು ಸಣ್ಣ ಯಂತ್ರಗಳನ್ನು ತಂದ. ಒಂದು ನೆಲದ ಮೇಲಿಟ್ಟು ಕಾಲಿನಿಂದ ಒತ್ತುವ ಪೆಡಲ್; ಗಿಟಾರಿನ ದನಿಯನ್ನು ತಿರುಚುವುದು, ಮಾರ್ದನಿ ಕೊಡುವುದು ಅದರ ಕೆಲಸ. ಇನ್ನೊಂದು ಹುರಳಿಕಾಳಿನ ಆಕಾರದ ಕೆಂಪು ಡಬ್ಬಿ, ಮಾಡೆಲರ್. ದೊಡ್ಡ ಆಂಪ್ಲಿಫೈಯರ್ ಹೇಗೆ ಗರ್ಜಿಸುತ್ತದೋ ಅದನ್ನು ಹಾಗೇ ನಕಲು ಮಾಡುತ್ತಿತ್ತು. ಎರಡನ್ನೂ ಜೋಡಿಸಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಹೊರಗೆ ಪಿಟ್ಟೆನ್ನುತ್ತಿರಲಿಲ್ಲ. ಆದರೆ ಆಂಪ್ಲಿಫೈಯರಿನ ನಕಲು ಆ ಪೆಡಲಿನಲ್ಲೂ ಒಂದಿತ್ತು. ಜೋಡಿಸುವಾಗ ಒಂದರಲ್ಲಿ ಅದನ್ನು ಬಂದ್ ಮಾಡಬೇಕು. ಎರಡರಲ್ಲೂ ಚಾಲೂ ಉಳಿದರೆ ಗರ್ಜನೆಯ ಮೇಲೆ ಗರ್ಜನೆ ಸೇರಿ ಗಿಟಾರು ಹುಚ್ಚು ಹಿಡಿದಂತೆ ಕಿರಿಚುತ್ತಿತ್ತು. ಆಗ ತಂತಿ ಮೀಟುವುದೂ ಬೇಡ, ಅದರ ಹತ್ತಿರ ಕೆಮ್ಮಿದರೆ ಆ ಕೆಮ್ಮೂ ಸ್ಪೀಕರಿನಲ್ಲಿ ಗುಡುಗುತ್ತಿತ್ತು. ಇದೆಲ್ಲ ನನಗೆ ಅಕ್ಕ ಹೇಳಿದ್ದು. ಒರೆಸುವುದು, ವೈರು ಸುತ್ತಿಡುವುದು ಅವಳ ಪಾಲಿನ ಕೆಲಸವಾಗಿತ್ತು.

ಕಟ್ಟಡ ಶಾಂತವಾಯಿತು. ಎಲ್ಲರೂ ಮಾಸ್ತರನನ್ನು ಹೊಗಳಿದರು. ಗೋಡೆಗೆ ಹಾಸಿಗೆ ಹಾಕಿದ್ದ ನನಗೆ ಮಾತ್ರ ಆಗಾಗ ಧಪ್ ಎನ್ನುವುದು ಕೇಳುತ್ತಿತ್ತು, ಅದರ ಹಿಂದೆ ಏನೂ ಇಲ್ಲ… ಬಾಯಿಗೆ ಅವಳದೇ ಸೆರಗು ತುರುಕುತ್ತಿದ್ದನೆಂದು ಗೊತ್ತಾದದ್ದು ಆಮೇಲೆ. ನಾನು ಬಾಗಿಲು ಬಡಿದರೆ ಅವನೇ ಬಂದು ನಿಲ್ಲುತ್ತಿದ್ದ, ಕೊರಳಲ್ಲಿ ಹೆಡ್‌ಫೋನು. “ಮಲ್ಕೊಂಡಾಳ್ರೀ ವೈನಿ.”

ಗಣಪತಿ ಹಬ್ಬ ಬಂತು. ಕೆಳಗೆ ಮಂಡಳದ ಮಂಟಪ. ಅಂದು ಸಂಜೆ ಅಲ್ಲಿ ಅವನ ಆರ್ಕೆಸ್ಟ್ರಾ. ಮಳೆ ಹನಿಯುತ್ತಿದ್ದುದರಿಂದ ಹೊಸ ಯಂತ್ರಗಳನ್ನು ತೊಯ್ಸಲು ಮನಸ್ಸಿಲ್ಲದೆ, ಮಾಸ್ತರ ಮಧ್ಯಾಹ್ನ ಮನೆಯಿಂದಲೇ ಗ್ಯಾಲರಿಯ ಕಂಬಿಗಳೊಳಗಿಂದ ಉದ್ದನೆಯ ವೈರು ಇಳಿಬಿಟ್ಟು ಮಂಡಳದ ಸ್ಪೀಕರುಗಳಿಗೆ ಜೋಡಿಸಿ ನೋಡಿದ. ಮೊದಲ ಸಲ ಮೀಟಿದ್ದೇ ತಡ, ಓಣಿಯ ನಾಯಿಗಳೆಲ್ಲ ಎದ್ದು ಓಡುವಂಥ ಕಿರಿಚು. ಕೆಳಗಿನ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಕಾಯ್ ಮಾಸ್ತರ, ಮಿಕ್ಸರಾತ್ ದಗಡ್ ಟಾಕಲಾ ಕಾ?” ಮಿಕ್ಸರಿಗೆ ಕಲ್ಲು ಹಾಕಿದಿರೇನು ಎಂದು ಒಬ್ಬ ಕೂಗಿದ. ಮತ್ತೆ ನಗು. ಮಾಸ್ತರನೂ ಗ್ಯಾಲರಿಯಿಂದ ಬಗ್ಗಿ ನಕ್ಕ. ಕರ್ಚೀಕಾಯಿ ಕರಿಯುತ್ತಿದ್ದ ನಾನು ಕಿಟಕಿಯಿಂದ ಆ ನಗು ಕಂಡೆ. ಆಮೇಲೆ ಅವರ ಗ್ಯಾಲರಿಯ ಬಾಗಿಲು ಮುಚ್ಚಿತು.

ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಎರಡನೇ ಸಲದ ಕರ್ಚೀಕಾಯಿ ಎಣ್ಣೆಗೆ ಬಿಟ್ಟಿದ್ದೆ.

ಧಡ್ ಎಂದಿತು. ಗೋಡೆಯ ಆಚೆಯಿಂದಲ್ಲ, ಕೆಳಗಿನಿಂದ, ಇಡೀ ಓಣಿಯಿಂದ. ಮಾರ್ದನಿ ಚಾಲೂ ಇತ್ತೆಂದು ಕಾಣುತ್ತದೆ. ಒಂದೊಂದು ಏಟೂ ಮತ್ತೆ ಮತ್ತೆ ಬಿತ್ತು. ಅದರ ಹಿಂದೆಯೇ, ತಗಡು ಹರಿದಂಥ ದನಿಯಲ್ಲಿ, “ತಂಗೀ… ಕೊಲ್ಲಾಕತ್ತಾನ… ಬಾರs ತಂಗೀ…” ಸ್ಪೀಕರು ಆ ಮಾತನ್ನೂ ಹಾಗೇ ತಿರುಗಿ ತಿರುಗಿ ಕೂಗಿತು. ಕೆಳಗೆ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಆದರೂ ನಗು ನಿಂತುಬಿಟ್ಟಿತು.

ಕೈಯಲ್ಲಿ ಕಾದ ಎಣ್ಣೆ ತೊಟ್ಟಿಕ್ಕುತ್ತಿದ್ದ ಝಾರಿ ಸೌಟು ಹಿಡಿದುಕೊಂಡೇ ಓಡಿದೆ. ಒಳಗಿನಿಂದ ಚಿಲಕ. ನಮ್ಮವರು ಭುಜ ಕೊಟ್ಟು ಗುದ್ದಿದರು. ಅಷ್ಟರಲ್ಲಿ ಹುಡುಗರು ಮಂಟಪದ ಬಿದಿರು ಹೊತ್ತು ಮೇಲೆ ಬಂದು ಬಾಗಿಲು ಮುರಿದರು.

ಅಕ್ಕ ನೆಲದ ಮೇಲಿದ್ದಳು. ಗಿಟಾರನ್ನು ಎದೆಗವಚಿಕೊಂಡು, ತಂತಿಗಳಿಗೆ ಬಾಯಿ ಹಚ್ಚಿ ಕೂಗುತ್ತಿದ್ದಳು. ಅವನು ಗಿಟಾರು ಕಸಿಯಲು ಒಂದು ಕೈಯಿಂದ ಕೂದಲು ಎಳೆಯುತ್ತ ಇನ್ನೊಂದು ಕೈಯಿಂದ ಕಿವಿಯ ಮೇಲೆ ಗುದ್ದುತ್ತಿದ್ದ. ಎಡಗಿವಿಯಿಂದ ರಕ್ತ ಕೊರಳಿಗಿಳಿದು ಮಂಗಳಸೂತ್ರದ ಕರಿಮಣಿಯೆಲ್ಲ ಕೆಂಪಾಗಿತ್ತು. ನಾನು ಆ ಝಾರಿಯಿಂದಲೇ ಅವನ ಕೈಗೆ ಹೊಡೆದೆ. ಚರ್ಮ ಸುಟ್ಟ ವಾಸನೆ ಬಂತು. ಹುಡುಗರು ಅವನನ್ನು ಕಾಲು ಹಿಡಿದು ಎಳೆದೊಯ್ದರು. ತಲೆ ಒಂದೊಂದು ಮೆಟ್ಟಿಲಿಗೂ ಬಡಿಯುತ್ತಿತ್ತು. ಮಂಟಪದ ಮುಂದೆ, ಗಣಪತಿಯ ಎದುರಿಗೇ, ಬಿದಿರಿನಿಂದ ಹೊಡೆದರು. ನಗುತ್ತಿದ್ದವರೇ ಹೊಡೆದರು. ಒಬ್ಬ ಅವನ ಬೆರಳುಗಳ ಮೇಲೆ ನಿಂತಿದ್ದ. ಸಾಕು ಬಿಡ್ರಿ ಎಂದು ನಮ್ಮವರು ಅಡ್ಡಹೋಗಿ ತಾವೂ ಎರಡು ಏಟು ತಿಂದು ಬಂದರು. ಪೊಲೀಸರು ಬರುವ ತನಕ ನಡೆಯಿತು ಅದು…

ಮೇಲೆ ಅಕ್ಕ ಗಿಟಾರು ಬಿಡಲೊಲ್ಲಳು. ಅವಳ ಉಸಿರೂ ಹೊರಗೆ ಗುಡುಗುತ್ತಿತ್ತು. ನಾನು ವೈರು ಕಿತ್ತೆ.

“ಎರಡೂದ್ರಾಗೂ ಚಾಲೂ ಬಿಟ್ಟಿದ್ದಾ, ತಂಗಿ,” ಎಂದಳು, ಉಸಿರು ಹಿಡಿದು. “ತಾನs ಬಿಟ್ಟು ನನ್ನ ಹೆಸರು ಹೇಳಿದಾ. ದನಿ ಬರಬಾರದಂತ ಪೆಡಲ್ ತುಳದು ಬಂದ್ ಮಾಡಿದಾ. ಕೆಳಗ ಬಿದ್ದಾಗ ಅದು ನನ್ನ ಕೈ ಬಲ್ಯಾಕs ಇತ್ತು. ಒತ್ತಿಬಿಟ್ಟೆ.”

ಆಸ್ಪತ್ರೆಯಿಂದ ಅವಳು ಆ ಮನೆಗೆ ಮರಳಲಿಲ್ಲ. ರಾಂಜಣಗಾಂವದಲ್ಲಿ ದೂರದ ನೆಂಟರಿದ್ದರು. ಅಲ್ಲಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಪಾತಿ ಮಾಡುವ ಕೆಲಸ ಹಿಡಿದಳು. ಅವನು ಕೆಲವು ದಿನ ಒಳಗಿದ್ದು ಬಂದು ಅತ್ತ ಸೊಲ್ಲಾಪುರದ ಕಡೆ ಹೋದನಂತೆ. ಬೆರಳು ಕೂಡಿದವೋ ಇಲ್ಲವೋ, ನಾನು ಕೇಳಲಿಲ್ಲ.

ಅಕ್ಕನ ಎಡಗಿವಿ ಮತ್ತೆ ಕೇಳಲಿಲ್ಲ. ಚತುರ್ಥಿಯ ದಿನ ರಾಂಜಣಗಾಂವದ ಗಣಪತಿ ಗುಡಿಗೆ ಹೋದಾಗಲೆಲ್ಲ ಅವಳ ಖೋಲಿಗೆ ಹೋಗುತ್ತಿದ್ದೆ. ದಾರಿಯಲ್ಲಿ ನಾನು ಮರೆತು ಎಡಕ್ಕೆ ಬಂದರೆ ತೋಳು ಹಿಡಿದು ಬಲಕ್ಕೆ ಎಳೆದುಕೊಳ್ಳುತ್ತಿದ್ದಳು. “ಆ ಕಡಿಗೆ ನಿಂತು ಏನ್ ಹೇಳ್ತೀ? ಆ ಕಡೆ ಊರಾಗ ಯಾರೂ ಇಲ್ಲ.” ಸಂತೆಗೆ ಹೋದರೂ, ಬಸ್ಸಿನಲ್ಲಿ ಕೂತರೂ, ಅವಳ ಬಲಮಗ್ಗಲು ನನ್ನದಾಯಿತು. ಹದಿನೈದು ವರ್ಷಕ್ಕೂ ಮಿಕ್ಕಿ ಅವಳು ಅಲ್ಲೇ ಬಾಳಿದಳು. ಮೈ ತುಂಬಿಕೊಂಡಳು, ಜಗಳಗಂಟಿಯಾದಳು, ಕ್ಯಾಂಟೀನಿನವರನ್ನೆಲ್ಲ ಬೈದು ಹದ್ದುಬಸ್ತಿನಲ್ಲಿಟ್ಟಳು. ಹೋದ ವರ್ಷ ಎದೆನೋವು ಬಂದು ಒಂದೇ ದಿನದಲ್ಲಿ ಹೋಗಿಬಿಟ್ಟಳು. ನಾನು ಮುಟ್ಟುವಷ್ಟರಲ್ಲಿ ಮುಖ ಮುಚ್ಚಿದ್ದರು.

ನಿನ್ನೆ ಸೊಸೆಯ ಜೊತೆ ಕಾಯಿಪಲ್ಲೆ ತರಲು ಹೋಗಿದ್ದೆ. “ಅತ್ತೀ, ಆ ಕಡೆ ಗಾಡಿ ಬರ್ತಾವು, ನನ್ನ ಎಡಕ್ಕ ಬರ್ರಿ,” ಎಂದು ಮತ್ತೆ ಮತ್ತೆ ಹೇಳಿದಳು. ಬಂದೆ. ನಾಲ್ಕು ಹೆಜ್ಜೆ ನಡೆದೆ. ಆಮೇಲೆ ನೋಡಿದರೆ ಮತ್ತೆ ಅವಳ ಬಲಕ್ಕೇ ಇದ್ದೆ.