ಕಲ್ಲಿಗೂ ಚುಚ್ಚಿದ ಸೂಜಿ

ತೂಕದ ಯಂತ್ರದ ಮುಳ್ಳು ನೋಡಲು ಅವರು ಎಷ್ಟು ಬಗ್ಗುತ್ತಿದ್ದರೆಂದರೆ, ಉದ್ದನೆಯ ಜಡೆ ಜಾರಿ ಅದರ ಗಾಜಿನ ಮೇಲೆ ಬೀಳುತ್ತಿತ್ತು. ಮೊಣಕೈಯಿಂದ ಅದನ್ನು ಹಿಂದಕ್ಕೆ ತಳ್ಳಿ, "ಉಸ್ರು ಬುಡವ್ವ, ಕಟ್ಟಿದ್ರೆ ತೂಕ ಎಚ್ಚಾಗಲ್ಲ" ಎನ್ನುತ್ತಿದ್ದರು. ನಂಜನಗೂಡಿನ ಸಣ್ಣ ಆಸ್ಪತ್ರೆಯೊಂದರ ನರ್ಸಮ್ಮ ಅವರು.

ತೊಂಬತ್ತರ ದಶಕದ ಮಾತು. ನನಗೆ ಕ್ಷಯ ತಗುಲಿತ್ತು. ಟಿ. ನರಸೀಪುರದಲ್ಲಿದ್ದ ಅತ್ತೆ, ನನ್ನ ಎಳೆಯ ಮಗನನ್ನು ತಮ್ಮ ಬಳಿಯೇ ಇಟ್ಟುಕೊಂಡು, "ಮೈ ತುಂಬ್ಕೊಂಡು ಬಾ, ಆಮೇಲೆ ಎತ್ಕೊಳೀವಂತೆ" ಎಂದು ನನ್ನನ್ನು ಬದನವಾಳಿನ ತವರಿಗೆ ಕಳಿಸಿದ್ದರು. ಅವನಿಗಿನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿಂದ ದಿನ ಬಿಟ್ಟು ದಿನ ರೈಲಿನಲ್ಲಿ ಸೂಜಿಗೆ ಬರುತ್ತಿದ್ದೆ.

ಸೋಮವಾರ ತೂಕ, ತೂಕ ನೋಡಿಯೇ ಮದ್ದಿನ ಅಳತೆ. ಯಾರಾದರೂ ಗೊಣಗಿದರೆ ನರ್ಸಮ್ಮ, "ಚೊಂಬಿಗೂ ಅಂಡೆಗೂ ಒಂದೇ ಉಪ್ಪು ಆಕ್ತೀರಾ? ಮೈಗೂ ಅಂಗೇಯ" ಎನ್ನುತ್ತಿದ್ದರು. ನನ್ನ ಮೈ ಮಾತ್ರ ತುಂಬಲೇ ಇಲ್ಲ. ಕೊನೆಗೆ, ಚೀಟಿಯಲ್ಲಿ ತೂಕ ಏರಿದ್ದು ಕಂಡರೆ ಅತ್ತೆ ಮಗನನ್ನು ಕೊಟ್ಟಾರೆಂದು, ಕಪಿಲೆಯ ದಡದ ನುಣುಪು ಕಲ್ಲುಗಳನ್ನು ಸೀರೆಯೊಳಗೆ ಸೊಂಟಕ್ಕೆ ಕಟ್ಟಿಕೊಂಡೆ. ವಾರ ವಾರವೂ ಕಲ್ಲು ಹೆಚ್ಚಿದವು. ಚೀಟಿಯಲ್ಲಿ ತೂಕ ಏರಿತು. ಸೂಜಿಯ ಮದ್ದೂ ಏರಿತು. ಪೆದ್ದಿ ನಾನು, ಅದು ಹೊಳೆಯಲೇ ಇಲ್ಲ.

ಆಮೇಲಿನ ದಿನಗಳೆಲ್ಲ ಮಂಜು ಮಂಜು. ಕಿವಿಯೊಳಗೆ ಹೊಳೆ ಹರಿಯುತ್ತಿತ್ತು. ಕಾಲಡಿಯ ನೆಲ ಮೆತ್ತಗಾಗಿತ್ತು. ನಿಂತ ರೈಲಿನ ಕಿಟಕಿಯಾಚೆ ಹೊಲಗಳು ಸರಿಯುತ್ತಿದ್ದವು, ಅವುಗಳ ನಡುವೆ ನನ್ನ ಮಗ ಅಂಬೆಗಾಲಿಟ್ಟು ಬರುತ್ತಿದ್ದ. ಇದು ಹೀಗೇ ಇರಲಿ ಎನಿಸುತ್ತಿತ್ತು.

ಒಂದು ಸೋಮವಾರ ಯಂತ್ರದ ಮೇಲಿಂದಲೇ ತೂರಾಡಿ ಬಿದ್ದೆ. ಕಲ್ಲುಗಳು ಉರುಳಿದವು. ಬೈಗುಳಕ್ಕೆ ಕಾದೆ. ನರ್ಸಮ್ಮ ಅವನ್ನೆಲ್ಲ ಆರಿಸಿ ಯಂತ್ರದ ಮೇಲಿಟ್ಟು, ಮುಳ್ಳು ನೋಡಿ, ನೆಲದಲ್ಲೇ ಕೂತುಬಿಟ್ಟರು.

"ಕಲ್ಲಿಗೂ ಸೂಜಿ ಚುಚ್ಬುಟ್ನಲ್ಲವ್ವಾ! ಅದ್ರ ಪಾಲ್ನೂ ನಿನ್ ಮೈಯೇ ಕುಡೀತಲ್ಲ, ಎಚ್ಚಾದ್ರೆ ಕಿವೀಗೇ ಒಡಿಯೋ ಮದ್ದು ಕಣವ್ವ ಇದು" ಎಂದು ಅತ್ತರು.

ಡಾಕ್ಟರಿಗೆ ಹೇಳಿ ಆ ಸೂಜಿ ನಿಲ್ಲಿಸಿ, ಮಾತ್ರೆಗಳನ್ನಷ್ಟೇ ಮುಂದುವರಿಸಿದರು. ಕಫದಲ್ಲಿ ರೋಗಾಣು ಇಲ್ಲವೆಂದು ಖಚಿತವಾದ ಮೇಲೆ, ತಾವೇ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋದರು. ಅತ್ತೆಗೆ ಏನು ಹೇಳಿದರೋ, ಮುಂದಿನ ಸೋಮವಾರ ಅತ್ತೆಯೇ ಮಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದರು. ನನ್ನನ್ನು ಯಂತ್ರದ ಮೇಲೆ ನಿಲ್ಲಿಸಿ, ಅವನನ್ನು ನನ್ನ ತೋಳಿಗಿತ್ತು, ನರ್ಸಮ್ಮ ಮುಳ್ಳು ನೋಡಲು ಬಗ್ಗಿದರು. ಜಡೆ ಜಾರಿತು. ಮಗ ಅದನ್ನು ಹಿಡಿದುಕೊಂಡ.

"ಇವತ್ತು ತೂಕ ಎಚ್ಚಾಗೈತೆ ನೋಡು" ಎಂದು ನಕ್ಕರು.

ಎಡಗಿವಿ ಮಾತ್ರ ಸರಿಹೋಗಲಿಲ್ಲ. ಕಂಡಾಗಲೆಲ್ಲ ನರ್ಸಮ್ಮ "ನಂದೇ ತಪ್ಪು ಕಣವ್ವ, ಸೊಂಟ ಮುಟ್ಟಿ ನೋಡ್ಬೇಕಿತ್ತು" ಎನ್ನುತ್ತಿದ್ದರು. ನನ್ನದೆಂದರೆ ಒಪ್ಪುತ್ತಿರಲಿಲ್ಲ. ಹತ್ತಾರು ವರ್ಷಗಳ ಮೇಲೆ, ಅವರು ತೀರಿಕೊಂಡ ಸುದ್ದಿಯನ್ನು ಮಗ ನನ್ನ ಬಲಗಿವಿಯ ಹತ್ತಿರ ಬಗ್ಗಿ ಹೇಳಿದ. ಎಡಗಿವಿಯಲ್ಲಿ ಹೊಳೆ ಹರಿಯುತ್ತಲೇ ಇತ್ತು.